ಎಂಜಿನ್ ದೊಡ್ಡದು, ಓಟ ಯಾರದ್ದು?

‘ಅಂಬಾಸಿಡರ್ ಮುಂದೆ ಮಾರುತಿ 800 ಒಂದು ಕಾರೇನ್ರೀ? ಬೆಂಕಿಪೊಟ್ಟಣ!’ ಹೀಗಂತ ನಕ್ಕವರನ್ನ ನಾನು ಬೇಕಾದಷ್ಟು ಕಂಡಿದ್ದೇನೆ. ಬನ್ನಿ, ಲೆಕ್ಕ ಹಾಕೋಣ.

ಎಂಬತ್ತರ ದಶಕದ ಪೆಟ್ರೋಲ್ ಅಂಬಾಸಿಡರ್‌ನದು 1489 ಸಿಸಿ, ನಾಲ್ಕು ಸಿಲಿಂಡರ್, ಸುಮಾರು 50 ಅಶ್ವಶಕ್ತಿ. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿಯದು ಬರೀ 796 ಸಿಸಿ, ಮೂರು ಸಿಲಿಂಡರ್, 40ರ ಹತ್ತಿರದ ಅಶ್ವಶಕ್ತಿ. ಕಾಗದದ ಮೇಲೆ ಅಂಬಾಸಿಡರ್ರೇ ಗೆಲ್ಲಬೇಕು, ಅಲ್ವಾ?

ಈಗ ತೂಕ ನೋಡಿ. ಅಂಬಾಸಿಡರ್ ಒಂದು ಟನ್ ದಾಟುತ್ತಿತ್ತು. ಮಾರುತಿ 650 ಕೆ.ಜಿ. ಆಸುಪಾಸು. ಅಂದ್ರೆ ಅಲ್ಲಿ ಒಂದೊಂದು ಕುದುರೆಯ ಹೆಗಲ ಮೇಲೆ 20 ಕೆ.ಜಿ.ಗಿಂತ ಹೆಚ್ಚು ಭಾರ, ಇಲ್ಲಿ ಹದಿನಾರೋ ಹದಿನೇಳೋ! ಸಿಗ್ನಲ್ ಬಿಟ್ಟ ತಕ್ಷಣ ಬೆಂಕಿಪೊಟ್ಟಣ ಯಾಕೆ ಮುಂದೆ ಹೋಗ್ತಿತ್ತು ಅಂತ ಗೊತ್ತಾಯ್ತಲ್ಲ? ಪೆಟ್ರೋಲ್ ಖರ್ಚೂ ಅದಕ್ಕೇ ಕಡಿಮೆ.

ಹಾಗಂತ ಅಂಬಾಸಿಡರ್ ಸೋತಿತು ಅನ್ನಲಾರೆ. ಇಡೀ ಕುಟುಂಬವನ್ನ ತುಂಬಿಕೊಂಡು ಹಳ್ಳಿಯ ಹೊಂಡ–ಗುಂಡಿ ದಾಟಲು ಅದೇ ಬೇಕಿತ್ತು. ಆದರೆ ದಶಕಗಳ ಕಾಲ ಅದು ಹೆಚ್ಚು ಬದಲಾಗಲೇ ಇಲ್ಲ. ಯಾಕೆ ಬದಲಾಗಬೇಕು ಹೇಳಿ? ಲೈಸೆನ್ಸ್ ರಾಜ್‌ನಲ್ಲಿ ಗಿರಾಕಿಯೇ ವರ್ಷಗಟ್ಟಲೆ ಸಾಲಿನಲ್ಲಿ ನಿಂತು ಕಾಯುತ್ತಿದ್ದ!

2014ರಲ್ಲಿ ಎರಡರ ಉತ್ಪಾದನೆಯೂ ನಿಂತಿತು. ಪಾಠ ಮಾತ್ರ ಉಳಿದಿದೆ: ನಾಳೆ ಕಾರು ಕೊಳ್ಳಲು ಹೋದಾಗ ಎಂಜಿನ್ ಎಷ್ಟು ದೊಡ್ಡದು ಅಂತಷ್ಟೇ ಕೇಳಬೇಡಿ. ಅದು ಎಷ್ಟು ಭಾರ ಎಳೆಯಬೇಕು ಅಂತಲೂ ಕೇಳಿ.