ಉಪಕರಣಚಾಲಕದಲ್ಲಿ ವಿದ್ಯುತ್ಪೂರೈಕೆಯ ನಿಯಮನ

ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯನ್ನು ಒಳಗೊಂಡ ಈ ಪ್ರಾಂತ್ಯದ ಬೇಸಾಯವು ಪೂರ್ವಕಾಲದಿಂದಲೂ ಕೆರೆಗಳನ್ನು ಆಶ್ರಯಿಸಿ ಬೆಳೆದುದು. ಕೆರೆಯ ತೂಬು ಒಂದಾದರೆ, ಅದರ ಕೆಳಗಣ ಅಚ್ಚುಕಟ್ಟಿನಲ್ಲಿ ಗದ್ದೆಗಳು ಹಲವು. ಆದಕಾರಣ ತೂಬನ್ನು ತೆರೆಯುವ ಮತ್ತು ಮುಚ್ಚುವ ಅಧಿಕಾರವು ಒಬ್ಬೊಬ್ಬ ರೈತನಿಗೂ ಇರದೆ, ನೀರಗಂಟಿಗೆ ಮಾತ್ರ ಇರುವ ಪದ್ಧತಿಯು ಏರ್ಪಟ್ಟಿತು. ತನ್ನ ಗದ್ದೆ ನೆನೆಯಿತೆಂದು ಒಬ್ಬನು ತೂಬನ್ನು ಮುಚ್ಚಿದರೆ ನೆರೆಯವನ ಪೈರು ಒಣಗುವುದು. ಯಾರೂ ಮುಚ್ಚದೆ ಹೋದರೆ ಕೆರೆಯೇ ಬರಿದಾಗುವುದು. ಇಂದಿನ ಗಣಕಯಂತ್ರಗಳೊಳಗೆ ವಿದ್ಯುತ್ತನ್ನು ಹಂಚುವಲ್ಲಿಯೂ ಈ ಎರಡು ಅಪಾಯಗಳೇ ಇರುವುವು. ಅವಕ್ಕೆ ಏರ್ಪಡಿಸಿರುವ ಪರಿಹಾರವೂ ನೀರಗಂಟಿಯ ಪದ್ಧತಿಗೆ ಬಹು ಸಮೀಪವಾದುದು.

ಗಣಕದ ಸರ್ವವ್ಯವಹಾರವನ್ನೂ ಆಳುವ ಮೂಲತಂತ್ರಕ್ಕೆ ಕರ್ನೆಲ್ ಎಂದು ಹೆಸರು. ಕ್ಯಾಮೆರಾ, ಪರದೆ, ಮೆಮೊರಿ ಕಾರ್ಡು ಮೊದಲಾದ ಒಂದೊಂದು ಉಪಕರಣವನ್ನೂ ಕರ್ನೆಲ್ಲಿನ ಪರವಾಗಿ ನಡೆಯಿಸುವ ಕ್ರಮವಿಧಿಯೇ ಡಿವೈಸ್ ಡ್ರೈವರ್, ಎಂದರೆ ಉಪಕರಣಚಾಲಕ. ಈ ಉಪಕರಣಗಳಿಗೆ ಬೇಕಾದ ವೋಲ್ಟೇಜು ಒಂದೇ ಪ್ರಮಾಣದ್ದಲ್ಲ. ಮೊಬೈಲಿನ ಬ್ಯಾಟರಿಯು ಸುಮಾರು 3.7 ವೋಲ್ಟುಗಳನ್ನು ಕೊಟ್ಟರೆ, ಪ್ರೊಸೆಸರಿಗೆ ಸುಮಾರು 1 ವೋಲ್ಟು ಸಾಕು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಬಂದಾಗಲೂ, ಉಚ್ಚ ವೋಲ್ಟೇಜಿನಿಂದ ಬಂದುದನ್ನು ಗಣಿಗಳ ಬಳಿ ಇಳಿಸಿಯೇ ಯಂತ್ರಗಳಿಗೆ ಕೊಡಬೇಕಾಯಿತು. ಗಣಕದೊಳಗೆ ಇಂತಹ ಕಾರ್ಯವನ್ನು ಅತ್ಯಲ್ಪಪ್ರಮಾಣದಲ್ಲಿ ಮಾಡುವ ಅಂಗವೇ ರೆಗ್ಯುಲೇಟರ್, ಅದನ್ನು ನಿಯಾಮಕವೆನ್ನಬಹುದು.

ಲಿನಕ್ಸ್ ಕರ್ನೆಲ್ಲಿನಲ್ಲಿ ನಿಯಾಮಕಗಳ ಸರ್ವಸಾಮಾನ್ಯವಾದ ವ್ಯವಸ್ಥೆಯು 2008ರ ಅಕ್ಟೋಬರಿನಲ್ಲಿ ಹೊರಬಂದ 2.6.27ನೆಯ ಆವೃತ್ತಿಯಲ್ಲಿ ಸೇರಿತು. ವುಲ್ಫ್‌ಸನ್ ಮೈಕ್ರೋಎಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆಯಲ್ಲಿದ್ದ ಲಿಯಮ್ ಗರ್ಡ್‌ವುಡ್ ಮತ್ತು ಮಾರ್ಕ್ ಬ್ರೌನ್ ಎಂಬವರು ಇದರ ಮುಖ್ಯ ಕರ್ತೃಗಳು. ಇದರ ಪ್ರಕಾರ ಚಾಲಕವು ಮಾಡಬೇಕಾದ ಕ್ರಿಯೆಗಳು ನಾಲ್ಕು: ನಿಯಾಮಕದೊಡನೆ ಸಂಬಂಧವನ್ನು ಪಡೆಯುವುದು, ಪೂರೈಕೆಯನ್ನು ಬೇಡುವುದು, ಕಾರ್ಯವು ತೀರಿದ ಮೇಲೆ ಬೇಡಿಕೆಯನ್ನು ಹಿಂತೆಗೆಯುವುದು, ಕಡೆಗೆ ಸಂಬಂಧವನ್ನು ಬಿಡುವುದು. ಇಲ್ಲಿ ‘ಬೇಡುವುದು’ ಎಂಬ ಮಾತು ಸಾಭಿಪ್ರಾಯವಾದುದು. ಹಲವರಿಗೆ ಸಾಧಾರಣವಾದ ಪೂರೈಕೆಯನ್ನು ಚಾಲಕವು ತನ್ನಿಚ್ಛೆಯಂತೆ ಕಡಿಯಲಾರದು. ಒಂದೊಂದು ಬೇಡಿಕೆಗೂ ಲೆಕ್ಕವು ಒಂದು ಹೆಚ್ಚುವುದು. ಹಿಂತೆಗೆದಾಗ ಒಂದು ಕುಗ್ಗುವುದು. ಲೆಕ್ಕವು ಶೂನ್ಯಕ್ಕೆ ಇಳಿದಾಗಲೇ ಪೂರೈಕೆಯು ನಿಲ್ಲುವುದು. ಎಂದಿಗೂ ನಿಲ್ಲಕೂಡದೆಂದು ವಿಧಿಸಿರುವ ಪೂರೈಕೆಯಾದರೆ ಆಗಲೂ ನಿಲ್ಲದು. ಕ್ಯಾಮೆರಾಕ್ಕೂ ಪರದೆಗೂ ನಿಯಾಮಕವು ಒಂದೇ ಆಗಿದ್ದರೆ, ಕ್ಯಾಮೆರಾದ ಚಾಲಕವು ತನ್ನ ಬೇಡಿಕೆಯನ್ನು ಹಿಂತೆಗೆದಾಗ ಲೆಕ್ಕವು 2ರಿಂದ 1ಕ್ಕೆ ಇಳಿಯುವುದೇ ಹೊರತು ಪರದೆಯು ಕತ್ತಲಾಗುವುದಿಲ್ಲ. ಹಿಂತೆಗೆಯಲು ಮರೆತರೆ ಲೆಕ್ಕವು ಎಂದಿಗೂ ಶೂನ್ಯವಾಗದೆ, ಉಪಕರಣವು ಸುಮ್ಮನಿರುವಾಗಲೂ ಬ್ಯಾಟರಿಯು ಸೋರಿಹೋಗುವುದು.

ವೋಲ್ಟೇಜಿನ ಪ್ರಮಾಣದಲ್ಲಿಯೂ ಇಂತಹುದೇ ಮರ್ಯಾದೆಯುಂಟು. ಚಾಲಕವು ಕನಿಷ್ಠ ಮತ್ತು ಗರಿಷ್ಠ ಎಂಬ ಎರಡು ಎಲ್ಲೆಗಳನ್ನು ಮೈಕ್ರೋವೋಲ್ಟುಗಳಲ್ಲಿ ತಿಳಿಸುವುದು. ಒಂದು ಉಪಕರಣಕ್ಕೆ 1.7ರಿಂದ 1.9, ಮತ್ತೊಂದಕ್ಕೆ 1.8ರಿಂದ 2.0 ವೋಲ್ಟು ಬೇಕಾದರೆ, ಇಬ್ಬರಿಗೂ ಸಲ್ಲುವ 1.8ರಿಂದ 1.9ರ ಒಳಗೆ ನಿಯಾಮಕವು ನಿಲ್ಲಬೇಕು. ಎಲ್ಲೆಗಳು ಎಲ್ಲಿಯೂ ಕೂಡದಿದ್ದರೆ ಬೇಡಿಕೆಯು ತಿರಸ್ಕೃತವಾಗುವುದು. ಇವೆಲ್ಲಕ್ಕೂ ಮೇಲೆ, ಆ ಯಂತ್ರವನ್ನು ರಚಿಸಿದವರು ಬರೆದಿಟ್ಟ ಎಲ್ಲೆಯನ್ನು ಯಾವ ಚಾಲಕವೂ ಮೀರುವಂತಿಲ್ಲ. ಏಕೆಂದರೆ ಅಧಿಕ ವೋಲ್ಟೇಜಿನಿಂದ ಸುಟ್ಟ ಚಿಪ್ಪನ್ನು ಯಾವ ಕ್ರಮವಿಧಿಯೂ ಬದುಕಿಸಲಾರದು. ಹೀಗೆಂದು ವೋಲ್ಟೇಜನ್ನು ಇಳಿಸುವುದು ನಿಷ್ಪ್ರಯೋಜನವೇನೂ ಅಲ್ಲ. ಪ್ರೊಸೆಸರು ಕೆಲಸ ಮಾಡುವಾಗ ವ್ಯಯವಾಗುವ ಶಕ್ತಿಯು ಮುಖ್ಯವಾಗಿ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, ವೇಗವು ಸಮನಾಗಿದ್ದು 1.2 ವೋಲ್ಟು 0.9ಕ್ಕೆ ಇಳಿದರೆ ಆ ವ್ಯಯವು ಶೇಕಡಾ 56ರಷ್ಟಕ್ಕೆ ತಗ್ಗುವುದು.

ಇನ್ನು ಕ್ರಮದ ವಿಚಾರ. ವೇಗವುಳ್ಳ ಎಸ್‌ಡಿ ಕಾರ್ಡು ಮೊದಲು 3.3 ವೋಲ್ಟಿನ ಸಂಕೇತಗಳಿಂದ ಆರಂಭಿಸಿ, ಕಾರ್ಡಿನ ಸಮ್ಮತಿಯನ್ನು ಪಡೆದ ಬಳಿಕ 1.8ಕ್ಕೆ ಬದಲಾಗುವುದು. ಆಗ ಚಾಲಕವು ಗಡಿಯಾರದ ಮಿಡಿತವನ್ನು ನಿಲ್ಲಿಸಿ, ಸಂಕೇತದ ವೋಲ್ಟೇಜನ್ನು ಬದಲಿಸಿ, ಕಡಿಮೆಯೆಂದರೆ 5 ಮಿಲಿಸೆಕೆಂಡು ಕಾದು, ಅನಂತರ ಮಿಡಿತವನ್ನು ಮತ್ತೆ ಆರಂಭಿಸಬೇಕು. ಬೇಡಿದ ಮಾತ್ರಕ್ಕೆ ಪೂರೈಕೆ ದೊರೆಯಿತೆಂದು ನಂಬುವುದೂ ಸಲ್ಲದು. ನಿಯಾಮಕವು ಕೊಡುವ ಉತ್ತರವನ್ನು ಪ್ರತಿಸಲವೂ ಪರೀಕ್ಷಿಸಬೇಕು. ಮೂರು ಪೂರೈಕೆಗಳು ಬೇಕಾದ ಉಪಕರಣಕ್ಕೆ ಮೂರನೆಯದು ದೊರೆಯದಿದ್ದರೆ, ಮೊದಲು ಪಡೆದ ಎರಡನ್ನೂ ಹಿಂದಿರುಗಿಸಿಯೇ ಚಾಲಕವು ವಿರಮಿಸಬೇಕು.

ನಿಮಿತ್ತವು ತೊಲಗಿದರೆ ನೈಮಿತ್ತಿಕವೂ ತೊಲಗಬೇಕೆಂದು ವೈಯಾಕರಣರು ಹೇಳುವರು. ಚಾಲಕದ ಧರ್ಮವೂ ಇದೇ: ಕಾರ್ಯವಿರುವಾಗ ಬೇಡುವುದು, ಕಾರ್ಯವು ತೀರಿದೊಡನೆ ಒಪ್ಪಿಸುವುದು, ನೆರೆಯವನ ಪಾಲಿನ ಚಿಂತೆಯನ್ನು ನಿಯಾಮಕಕ್ಕೆ ಬಿಡುವುದು. ಕೆರೆಯ ನೀರು ಸುಗ್ಗಿಯವರೆಗೆ ಉಳಿಯುತ್ತಿದ್ದುದು ಮಳೆಯೊಂದರಿಂದಲೇ ಅಲ್ಲ. ತೂಬು ಸಕಾಲದಲ್ಲಿ ಮುಚ್ಚುತ್ತಿದ್ದುದರಿಂದಲೂ ಹೌದು.