ಕ್ಯಾಂಟನ್ ಮೇಳಕ್ಕೆ ಮೊದಲ ಪಯಣ: ಮೈಸೂರಿನ ವರ್ತಕರು ತಿಳಿದಿರಬೇಕಾದ ಸಂಗತಿಗಳು

ದಕ್ಷಿಣ ಚೀನಾದ ಗುವಾಂಗ್‌ಝೌ ನಗರಕ್ಕೂ ನಮ್ಮ ಮೈಸೂರು ಸೀಮೆಗೂ ಇರುವ ವ್ಯಾಪಾರ ಸಂಬಂಧ ಇಂದು ನಿನ್ನೆಯದಲ್ಲ. ಪಾಶ್ಚಾತ್ಯರು ಕ್ಯಾಂಟನ್ ಎಂದು ಕರೆಯುತ್ತಿದ್ದ ಈ ಬಂದರು 1757ರಿಂದ 1842ರ ವರೆಗೆ ಐರೋಪ್ಯ ಹಡಗುಗಳಿಗೆ ಚೀನಾದಲ್ಲಿ ತೆರೆದಿದ್ದ ಒಂದೇ ಬಾಗಿಲಾಗಿತ್ತು. ಆ ಕಾಲದಲ್ಲಿ ಮೈಸೂರು ಸೀಮೆಯ ಶ್ರೀಗಂಧವು ಮಲಬಾರ್ ತೀರದಲ್ಲಿ ಹಡಗೇರಿ ಅಲ್ಲಿನ ಪೇಟೆಯನ್ನು ಸೇರುತ್ತಿತ್ತು. ಇಂದು ಸರಕಿನ ಪ್ರವಾಹ ದಿಕ್ಕು ಬದಲಿಸಿದೆ. ನಮ್ಮ ಅಂಗಡಿಗಳ ಅಲಂಕಾರ ದೀಪ, ಗೃಹೋಪಯೋಗಿ ವಸ್ತುಗಳಿಂದ ಹಿಡಿದು ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳು ಬಳಸುವ ಯಂತ್ರದ ಬಿಡಿಭಾಗಗಳ ವರೆಗೆ ಅನೇಕ ಸರಕುಗಳ ಮೂಲ ಚೀನಾ ಆಗಿದೆ. ಆದ್ದರಿಂದ ಮಧ್ಯವರ್ತಿಗಳನ್ನು ಬಿಟ್ಟು ತಾವೇ ಹೋಗಿ ನೋಡಬೇಕೆಂಬ ಅಪೇಕ್ಷೆ ನಮ್ಮ ಸಣ್ಣ ವರ್ತಕರಲ್ಲಿಯೂ ಮೂಡುತ್ತಿರುವುದು ಸಹಜ. ಅಂಥವರ ಉಪಯೋಗಕ್ಕಾಗಿ ಕೆಲವು ಸಂಗತಿಗಳನ್ನು ಇಲ್ಲಿ ಕ್ರಮವಾಗಿ ನೀಡಲಾಗಿದೆ.

ಮೊದಲಿಗೇ ಒಂದು ಮಾತು. ಪ್ರಥಮ ಪ್ರವಾಸವು ನೋಡುವುದಕ್ಕೆ, ಕೊಳ್ಳುವುದಕ್ಕಲ್ಲ. ವಿಮಾನದ ವೆಚ್ಚ ವಸೂಲಾಗಬೇಕೆಂಬ ಆತುರದಲ್ಲಿ ಮಳಿಗೆಯ ಮುಂದೆಯೇ ಮುಂಗಡ ಕೊಡುವುದು ಅತ್ಯಂತ ದುಬಾರಿಯಾದ ಉಳಿತಾಯ. ಮುಂದಿನ ಸೂಚನೆಗಳೆಲ್ಲ ಈ ಮಾತಿನ ವಿವರಣೆಯೇ ಆಗಿವೆ.

ಮೇಳದ ಸ್ವರೂಪ

ಕ್ಯಾಂಟನ್ ಮೇಳ ಆರಂಭವಾದದ್ದು 1957ರಲ್ಲಿ. ಅಂದಿನಿಂದ ವರ್ಷಕ್ಕೆ ಎರಡು ಬಾರಿ, ವಸಂತದಲ್ಲಿ ಮತ್ತು ಶರದೃತುವಿನಲ್ಲಿ, ನಡೆದುಬಂದಿದೆ. 2007ರಲ್ಲಿ ಇದರ ಅಧಿಕೃತ ಹೆಸರು ಚೀನಾ ಆಮದು ಮತ್ತು ರಫ್ತು ಮೇಳ ಎಂದು ಬದಲಾಯಿತು. 2020ರಲ್ಲಿ ಕೋವಿಡ್ ಕಾರಣದಿಂದ ಅಂತರ್ಜಾಲಕ್ಕೆ ಸೀಮಿತವಾಗಿದ್ದ ಮೇಳವು 2023ರಿಂದ ಮತ್ತೆ ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿದೆ.

ಪ್ರತಿ ಮೇಳವೂ ಐದೈದು ದಿನಗಳ ಮೂರು ಹಂತಗಳಲ್ಲಿ ನಡೆಯುತ್ತದೆ. ವಸಂತದ ಮೇಳ ಸಾಮಾನ್ಯವಾಗಿ ಏಪ್ರಿಲ್ 15ಕ್ಕೂ ಶರತ್ಕಾಲದ ಮೇಳ ಅಕ್ಟೋಬರ್ 15ಕ್ಕೂ ಆರಂಭವಾಗುತ್ತವೆ. ಮೊದಲ ಹಂತದಲ್ಲಿ ವಿದ್ಯುನ್ಮಾನ ಸಾಧನ, ಯಂತ್ರೋಪಕರಣ, ದೀಪ ಮತ್ತು ಹಾರ್ಡ್‌ವೇರ್. ಎರಡನೆಯದರಲ್ಲಿ ಗೃಹಾಲಂಕಾರ, ಉಡುಗೊರೆ, ಕಟ್ಟಡ ಸಾಮಗ್ರಿ ಮತ್ತು ಪೀಠೋಪಕರಣ. ಮೂರನೆಯದರಲ್ಲಿ ಆಟಿಕೆ, ಜವಳಿ, ಸಿದ್ಧ ಉಡುಪು, ಪಾದರಕ್ಷೆ ಮತ್ತು ಲೇಖನ ಸಾಮಗ್ರಿ. ಒಂದು ಹಂತ ಮುಗಿದ ಮೇಲೆ ಮಳಿಗೆಗಳನ್ನು ತೆರವು ಮಾಡಿ ಬೇರೆಯವರು ಬಂದು ಕೂರುತ್ತಾರೆ. ತಮ್ಮ ಸರಕಿನ ಹಂತವನ್ನು ಖಚಿತಪಡಿಸಿಕೊಳ್ಳದೆ ಟಿಕೆಟು ಕಾದಿರಿಸಿದರೆ ಪ್ರಯಾಣವೇ ವ್ಯರ್ಥ.

ನಮ್ಮ ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನವನ್ನು ಅಳತೆಗೋಲಾಗಿ ಇಟ್ಟುಕೊಂಡು ಹೋದವರು ಅಲ್ಲಿ ದಿಗ್ಭ್ರಮೆಗೊಳ್ಳುವುದು ಖಂಡಿತ. ಪಝೌ ಎಂಬಲ್ಲಿರುವ ಆ ಸಂಕೀರ್ಣದಲ್ಲಿ ಪ್ರದರ್ಶನದ ವಿಸ್ತಾರ 15 ಲಕ್ಷ ಚದರ ಮೀಟರಿಗೂ ಹೆಚ್ಚು. ಇತ್ತೀಚಿನ ಮೇಳಗಳಲ್ಲಿ ಭಾಗವಹಿಸಿದ ಸಂಸ್ಥೆಗಳು ಸುಮಾರು 30,000. ಎಲ್ಲವನ್ನೂ ನೋಡುವುದು ಅಸಾಧ್ಯ. ಮೇಳದ ಜಾಲತಾಣದಲ್ಲಿ ಸಂಸ್ಥೆಗಳ ಪಟ್ಟಿ ದೊರೆಯುತ್ತದೆ. ಊರಿನಲ್ಲಿಯೇ ಕುಳಿತು ಮೂವತ್ತು, ನಲವತ್ತು ಮಳಿಗೆಗಳನ್ನು ಆಯ್ದು, ಅವುಗಳ ಸಂಖ್ಯೆಯನ್ನು ಬರೆದುಕೊಂಡು ಹೋಗುವುದೇ ಜಾಣತನ. ಖರೀದಿದಾರರ ನೋಂದಣಿಯನ್ನೂ ಅದೇ ಜಾಲತಾಣದಲ್ಲಿ ಮುಂಚಿತವಾಗಿ ಮುಗಿಸಿಕೊಳ್ಳಬೇಕು.

ಹೊರಡುವ ಮುನ್ನ

ವ್ಯಾಪಾರಕ್ಕಾಗಿ ಹೋಗುವವರಿಗೆ ‘ಎಂ’ ವರ್ಗದ ವೀಸಾ ಅಗತ್ಯ. ಇದಕ್ಕೆ ಮೇಳದಿಂದಾಗಲಿ, ಚೀನಾದ ಸಂಸ್ಥೆಯಿಂದಾಗಲಿ ಬಂದ ಆಹ್ವಾನ ಪತ್ರ ಬೇಕು. ಬೆಂಗಳೂರಿನಲ್ಲಿ ಚೀನಾದ ಕಾನ್ಸುಲೇಟ್ ಇಲ್ಲ. ಕರ್ನಾಟಕವು ಮುಂಬಯಿಯ ಕಾನ್ಸುಲೇಟಿನ ವ್ಯಾಪ್ತಿಗೆ ಸೇರಿದೆ. ಆದಕಾರಣ ಕನಿಷ್ಠ ಒಂದೂವರೆ ತಿಂಗಳು ಮೊದಲೇ ಸಿದ್ಧತೆ ಆರಂಭಿಸುವುದು ಕ್ಷೇಮ. ಹಾಂಗ್‌ಕಾಂಗ್‌ಗೂ ಹೋಗಿ ಮರಳಿ ಗುವಾಂಗ್‌ಝೌಗೆ ಬರುವ ಉದ್ದೇಶವಿದ್ದರೆ ಎರಡು ಪ್ರವೇಶಗಳ ವೀಸಾವನ್ನೇ ಕೇಳಬೇಕು. ಏಕೆಂದರೆ ಒಮ್ಮೆ ಹಾಂಗ್‌ಕಾಂಗ್‌ಗೆ ಕಾಲಿಟ್ಟರೆ ಚೀನಾದಿಂದ ಹೊರಹೋದಂತೆಯೇ ಲೆಕ್ಕ. ಹಾಂಗ್‌ಕಾಂಗ್ ಪ್ರವೇಶಕ್ಕೆ ಭಾರತೀಯರು ಅಂತರ್ಜಾಲದಲ್ಲಿ ಪ್ರತ್ಯೇಕವಾಗಿ ಪೂರ್ವ ನೋಂದಣಿ ಮಾಡಿಕೊಳ್ಳಬೇಕೆಂಬ ನಿಯಮ 2017ರಿಂದ ಇದೆ.

ಎರಡೂ ದೇಶಗಳ ನಡುವೆ 2020ರಲ್ಲಿ ನಿಂತುಹೋಗಿದ್ದ ನೇರ ವಿಮಾನ ಸಂಚಾರ 2025ರ ಅಕ್ಟೋಬರ್ ಕೊನೆಯಲ್ಲಿ ಕೋಲ್ಕತ್ತ–ಗುವಾಂಗ್‌ಝೌ ಮಾರ್ಗದಿಂದ ಪುನರಾರಂಭವಾಯಿತು. ಬೆಂಗಳೂರಿನಿಂದ ಹೊರಡುವವರಿಗೆ ಸಿಂಗಪುರ, ಬ್ಯಾಂಕಾಕ್, ಕ್ವಾಲಾಲಂಪುರಗಳ ಮೂಲಕವೂ ದಾರಿಗಳಿವೆ. ಮೇಳದ ದಿನಗಳಲ್ಲಿ ಹೋಟೆಲುಗಳ ಬಾಡಿಗೆ ಏರುವುದರಿಂದ ಕೋಣೆಯನ್ನು ಬೇಗನೆ ಕಾದಿರಿಸಬೇಕು. ಆ ಹೋಟೆಲು ವಿದೇಶೀಯರನ್ನು ಇರಿಸಿಕೊಳ್ಳುವುದೇ ಎಂದು ಕೇಳಿ ತಿಳಿಯಬೇಕು. ಚೀನಾದಲ್ಲಿ ವಿದೇಶೀಯರು ತಂಗಿದ 24 ಗಂಟೆಗಳೊಳಗೆ ಪೊಲೀಸರಲ್ಲಿ ದಾಖಲಾಗಬೇಕು. ಹೋಟೆಲಿನವರು ಇದನ್ನು ತಾವೇ ಮಾಡುತ್ತಾರೆ. ಪರಿಚಿತರ ಮನೆಯಲ್ಲಿ ಉಳಿದವರು ಸ್ವತಃ ಠಾಣೆಗೆ ಹೋಗಬೇಕು.

ಪರಿಚಯವಿಲ್ಲದವರು ಕೊಟ್ಟ ಪೊಟ್ಟಣವನ್ನು ಯಾವ ಕಾರಣಕ್ಕೂ ಒಯ್ಯಬಾರದು. ಮಾದಕ ವಸ್ತುಗಳ ಸಾಗಣೆಗೆ ಅಲ್ಲಿ ಮರಣದಂಡನೆಯವರೆಗೆ ಶಿಕ್ಷೆಯುಂಟು.

ಹಣ ಮತ್ತು ದೂರವಾಣಿ

ಚೀನಾದಲ್ಲಿ ತರಕಾರಿ ಮಾರುವವರಿಂದ ಹಿಡಿದು ಎಲ್ಲರೂ ಮೊಬೈಲ್ ಮೂಲಕವೇ ಹಣ ಪಡೆಯುತ್ತಾರೆ. ಆದರೆ ಅಲ್ಲಿ ಬಳಕೆಯಲ್ಲಿರುವ ವೀಚಾಟ್ ಮತ್ತು ಅಲಿಪೇ ಎರಡನ್ನೂ ಭಾರತ ಸರ್ಕಾರ 2020ರಲ್ಲಿ ನಿಷೇಧಿಸಿದೆ. ಹೀಗಾಗಿ ನಮ್ಮ ವರ್ತಕರು ಯುವಾನ್ ನಗದು ಮತ್ತು ಅಂತರರಾಷ್ಟ್ರೀಯ ಕಾರ್ಡು ಎರಡನ್ನೂ ಸಿದ್ಧವಾಗಿಟ್ಟುಕೊಳ್ಳಬೇಕು. ಅಲ್ಲಿನ ಅತಿ ದೊಡ್ಡ ನೋಟು 100 ಯುವಾನಿನದು. ಚಿಲ್ಲರೆಯ ತೊಡಕು ತಪ್ಪಿಸಲು 5, 10, 20ರ ನೋಟುಗಳನ್ನು ಬ್ಯಾಂಕಿನಲ್ಲಿಯೇ ಕೇಳಿ ಪಡೆಯಬೇಕು. ಭಾರತದಿಂದ ವಿದೇಶಿ ನಗದನ್ನು ಪ್ರತಿ ಪ್ರಯಾಣಕ್ಕೆ 3,000 ಡಾಲರಿನಷ್ಟು ಮಾತ್ರ ಒಯ್ಯಬಹುದು. ಮಿಕ್ಕದ್ದನ್ನು ಕಾರ್ಡಿನಲ್ಲಿ ಇರಿಸಿಕೊಳ್ಳಬೇಕು.

ಗೂಗಲ್, ಜಿಮೇಲ್, ವಾಟ್ಸ್‌ಆ್ಯಪ್ ಮೊದಲಾದವು ಚೀನಾದ ಅಂತರ್ಜಾಲದಲ್ಲಿ ತೆರೆಯುವುದಿಲ್ಲ. ಇವನ್ನೇ ನಂಬಿ ಹೋದವರಿಗೆ ಮನೆಯ ಸಂಪರ್ಕವೂ ಇಲ್ಲ, ದಾರಿಯ ನಕ್ಷೆಯೂ ಇಲ್ಲ. ಭಾರತದ ಸಿಮ್‌ಗೆ ರೋಮಿಂಗ್ ಸೌಲಭ್ಯ ಮಾಡಿಸಿಕೊಳ್ಳುವುದು ಸುಲಭೋಪಾಯ. ಆದರೂ ಪಾಸ್‌ಪೋರ್ಟ್, ವೀಸಾ, ಹೋಟೆಲಿನ ವಿಳಾಸ, ಗುವಾಂಗ್‌ಝೌದಲ್ಲಿರುವ ಭಾರತದ ಕಾನ್ಸುಲೇಟ್ ಜನರಲ್ ಕಚೇರಿಯ ದೂರವಾಣಿ ಸಂಖ್ಯೆ ಇವೆಲ್ಲ ಕಾಗದದ ಮೇಲೂ ಇರಲಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ ಎಂಬುದನ್ನು ನಮ್ಮ ಬ್ಯಾಂಕಿಗೆ ಕರೆ ಮಾಡುವಾಗ ನೆನಪಿಡಬೇಕು.

ಓಡಾಟ ಮತ್ತು ಊಟ

2020ರ ಜನಗಣತಿಯಂತೆ ಗುವಾಂಗ್‌ಝೌದ ಜನಸಂಖ್ಯೆ 1 ಕೋಟಿ 86 ಲಕ್ಷವನ್ನು ಮೀರಿದೆ. ಇಷ್ಟು ದೊಡ್ಡ ನಗರದಲ್ಲಿ ಹೊಸಬರಿಗೆ ಆಸರೆಯೆಂದರೆ ಮೆಟ್ರೋ ರೈಲು. ನಿಲ್ದಾಣಗಳ ಹೆಸರು ಇಂಗ್ಲಿಷ್ ಲಿಪಿಯಲ್ಲಿಯೂ ಇದೆ. ಎಂಟನೆಯ ಮಾರ್ಗದ ಶಿನ್‌ಗಾಂಗ್‌ದೋಂಗ್ ಮತ್ತು ಪಝೌ ನಿಲ್ದಾಣಗಳಲ್ಲಿ ಇಳಿದರೆ ಮೇಳದ ಆವರಣ ಸಮೀಪ. ಟ್ಯಾಕ್ಸಿ ಚಾಲಕರಿಗೆ ಇಂಗ್ಲಿಷ್ ಬರುವುದು ಅಪರೂಪವಾದ್ದರಿಂದ ಹೋಟೆಲಿನ ವಿಳಾಸವನ್ನು ಚೀನಿ ಲಿಪಿಯಲ್ಲಿ ಬರೆಸಿ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಮೀಟರಿನ ರಸೀದಿಗೆ ‘ಫಾಪ್ಯಾವ್’ ಎಂದು ಹೆಸರು. ಅದನ್ನು ಕೇಳಿ ಪಡೆದರೆ, ಟ್ಯಾಕ್ಸಿಯಲ್ಲಿ ಸಾಮಾನು ಮರೆತಾಗ ಹುಡುಕಲು ಆಧಾರವಿರುತ್ತದೆ.

ಸಸ್ಯಾಹಾರಿಗಳ ಕಷ್ಟ ನಿಜವಾದುದೇ. ‘ವೊ ಚಿ ಸು’ ಎಂದರೆ ‘ನಾನು ಸಸ್ಯಾಹಾರಿ’ ಎಂದರ್ಥ. ಆದರೆ ಸೊಪ್ಪಿನ ಪಲ್ಯವನ್ನೂ ಹಂದಿಯ ಕೊಬ್ಬಿನಲ್ಲಿ ಹುರಿಯುವ, ಸಿಂಪಿಯ ಸಾರ ಬೆರೆಸುವ ರೂಢಿ ಅಲ್ಲಿದೆ. ಮಾಂಸ, ಮೀನು, ಮೊಟ್ಟೆ, ಪ್ರಾಣಿಜನ್ಯ ಕೊಬ್ಬು ಬೇಡವೆಂದು ಚೀನಿ ಲಿಪಿಯಲ್ಲಿ ಬರೆಸಿದ ಚೀಟಿಯೊಂದು ಇದ್ದರೆ ಒಳಿತು. ಬೌದ್ಧ ಸಂಪ್ರದಾಯದ ಸಸ್ಯಾಹಾರಿ ಭೋಜನಾಲಯಗಳೂ ಭಾರತೀಯ ಹೋಟೆಲುಗಳೂ ನಗರದಲ್ಲಿವೆ. ಮೇಳದ ಆವರಣದಲ್ಲಿ ದಿನವಿಡೀ ನಡೆಯುವವರು ಚಪಾತಿ, ಚಟ್ನಿಪುಡಿ, ಅವಲಕ್ಕಿ ಒಯ್ದರೆ ಮಧ್ಯಾಹ್ನದ ಚಿಂತೆಯಿಲ್ಲ.

ಮಳಿಗೆಯ ಮುಂದೆ

ಪರಿಚಯ ಪತ್ರವನ್ನು ಎರಡೂ ಕೈಗಳಿಂದ ಕೊಡುವುದು, ಪಡೆದುದನ್ನು ಓದಿ ಮೇಜಿನ ಮೇಲಿಡುವುದು ಅಲ್ಲಿನ ಮರ್ಯಾದೆ. ದರವನ್ನು ಬಾಯಲ್ಲಿ ಮಾತ್ರ ಕೇಳದೆ ಕ್ಯಾಲ್ಕ್ಯುಲೇಟರಿನಲ್ಲಿ ತೋರಿಸಲು ಹೇಳಬೇಕು. ಚೀನಿಯರ ಎಣಿಕೆಯಲ್ಲಿ ಹತ್ತು ಸಾವಿರಕ್ಕೆ ‘ವಾನ್’ ಎಂಬ ಪ್ರತ್ಯೇಕ ಮಾನವಿದೆ. ನಮ್ಮ ಲಕ್ಷವು ಅವರಿಗೆ ಹತ್ತು ವಾನ್. ಭಾಷಾಂತರಕಾರರ ಬಾಯಲ್ಲಿ ಒಂದು ಸೊನ್ನೆ ತಪ್ಪಿಹೋಗುವುದು ಇಲ್ಲಿಯೇ. ದರವು ಕಾರ್ಖಾನೆಯ ಬಾಗಿಲಿನದೋ, ಹಡಗಿಗೆ ಏರಿಸುವವರೆಗಿನ ಎಫ್.ಓ.ಬಿ. ದರವೋ, ವಿಮೆ ಮತ್ತು ಸಾಗಣೆ ಸೇರಿದ ಸಿ.ಐ.ಎಫ್. ದರವೋ ಎಂಬುದನ್ನು ಅಲ್ಲಿಯೇ ಬರೆಸಿಕೊಳ್ಳಬೇಕು. ಚೀನಿ ಹೊಸ ವರ್ಷದ ಸಮಯದಲ್ಲಿ ಕಾರ್ಖಾನೆಗಳು ವಾರಗಟ್ಟಲೆ ಮುಚ್ಚಿರುತ್ತವೆ. ಶರತ್ಕಾಲದ ಮೇಳದಲ್ಲಿ ಕೇಳಿದ ಸರಕು ಅದಕ್ಕೆ ಮೊದಲು ಹೊರಡುವುದೋ, ಅನಂತರವೋ ಎಂಬುದನ್ನೂ ಕೇಳಬೇಕು.

ಮುಂಗಡಕ್ಕೆ ಮೊದಲು

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ದರವಲ್ಲ. ಆ ಸರಕು ಭಾರತದೊಳಗೆ ಬರಬಹುದೇ ಎಂಬುದು. ಮೂರು ಉದಾಹರಣೆಗಳನ್ನು ನೋಡೋಣ. 2021ರ ಜನವರಿ 1ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯವಾಗಿದೆ. ಎಲ್.ಇ.ಡಿ. ದೀಪ, ಪವರ್ ಬ್ಯಾಂಕ್, ಅಡಾಪ್ಟರ್ ಮುಂತಾದವುಗಳಿಗೆ ಬ್ಯೂರೋದ ನೋಂದಣಿ ಬೇಕು. ಈ ಪರವಾನಗಿ ಮತ್ತು ನೋಂದಣಿಗಳು ತಯಾರಿಸುವ ಕಾರ್ಖಾನೆಯ ಹೆಸರಿನಲ್ಲಿರಬೇಕೇ ಹೊರತು ಕೊಳ್ಳುವವರ ಹೆಸರಿನಲ್ಲಲ್ಲ. ನಮ್ಮ ಊರಿನ ಊದುಬತ್ತಿ ಉದ್ಯಮಕ್ಕೆ ಸಂಬಂಧಿಸಿದಂತೆ, ಊದುಬತ್ತಿಯ ಆಮದನ್ನು 2019ರ ಆಗಸ್ಟ್‌ನಲ್ಲಿ ನಿರ್ಬಂಧಿತ ಪಟ್ಟಿಗೆ ಸೇರಿಸಲಾಯಿತು; ಬಿದಿರಿನ ಕಡ್ಡಿಯ ಮೇಲಿನ ಸುಂಕವನ್ನು 2020ರ ಜೂನ್‌ನಲ್ಲಿ ಶೇ. 10ರಿಂದ ಶೇ. 25ಕ್ಕೆ ಏರಿಸಲಾಯಿತು. ಇಂಥ ನಿಯಮವನ್ನು ಅರಿಯದೆ ತರಿಸಿದ ಸರಕು ಚೆನ್ನೈ ಬಂದರಿನಲ್ಲಿ ನಿಂತರೆ ದಿನದಿನಕ್ಕೂ ಬಾಡಿಗೆ ಬೆಳೆಯುತ್ತದೆ. ಕೊನೆಗೆ ಸರಕನ್ನು ಮರಳಿ ಕಳುಹಿಸಬೇಕು, ಇಲ್ಲವೇ ಕಳೆದುಕೊಳ್ಳಬೇಕು. ಸಣ್ಣ ವರ್ತಕರಿಗೆ ಅದು ಇಡೀ ಬಂಡವಾಳವೇ ಆಗಿರಬಹುದು. ಆದ್ದರಿಂದ ಸರಕಿನ ವಿವರದೊಂದಿಗೆ ಊರಿಗೆ ಮರಳಿ, ಕಸ್ಟಮ್ಸ್ ಏಜೆಂಟರಲ್ಲಿ ವಿಚಾರಿಸಿ, ಸುಂಕವನ್ನೆಲ್ಲ ಸೇರಿಸಿ ಲೆಕ್ಕ ಹಾಕಿದ ಮೇಲೆಯೇ ಮುಂಗಡದ ಮಾತು. ಆಮದು ಮಾಡಿಕೊಳ್ಳಲು ಐ.ಇ.ಸಿ. ಎಂಬ ಸಂಕೇತ ಸಂಖ್ಯೆ ಇರಲೇಬೇಕು.

ಮಾರಾಟಗಾರರನ್ನೂ ಪರೀಕ್ಷಿಸಬೇಕು. ಚೀನಾದ ಪ್ರತಿ ಸಂಸ್ಥೆಯ ವ್ಯಾಪಾರ ಪರವಾನಗಿಯ ಮೇಲೂ 18 ಅಂಕಿ-ಅಕ್ಷರಗಳ ಸಂಕೇತವಿರುತ್ತದೆ. ಅದರ ನಕಲನ್ನು ಕೇಳಿ ಪಡೆಯಬೇಕು. ಒಪ್ಪಂದದ ಮೇಲೆ ಸಂಸ್ಥೆಯ ಚೀನಿ ಹೆಸರೂ ಕೆಂಪು ಮುದ್ರೆಯೂ ಇರಬೇಕು. ಅಲ್ಲಿ ಸಹಿಗಿಂತ ಮುದ್ರೆಗೇ ಬೆಲೆ. ಹಣವನ್ನು ನಮ್ಮ ಬ್ಯಾಂಕಿನ ಮೂಲಕ, ಅದೇ ಸಂಸ್ಥೆಯ ಖಾತೆಗೆ ಮಾತ್ರ ಕಳುಹಿಸಬೇಕು. ವ್ಯಕ್ತಿಯ ಖಾತೆಗಾಗಲಿ, ಕೈಯಲ್ಲಿ ನಗದಾಗಿಯಾಗಲಿ ಕೊಡಬಾರದು. ‘ನಮ್ಮ ಖಾತೆ ಬದಲಾಗಿದೆ’ ಎಂದು ಇ-ಮೇಲ್ ಬಂದರೆ, ಮೊದಲೇ ಗೊತ್ತಿರುವ ದೂರವಾಣಿಗೆ ಕರೆ ಮಾಡಿ ದೃಢಪಡಿಸಿಕೊಳ್ಳದೆ ಒಂದು ಡಾಲರನ್ನೂ ಕಳುಹಿಸಬಾರದು.

ಯಿವು ಕಲಿಸಿದ ಪಾಠ

ಮೇಳ ಮುಗಿಸಿದವರಲ್ಲಿ ಅನೇಕರು ಝೆಜಿಯಾಂಗ್ ಪ್ರಾಂತ್ಯದ ಯಿವು ಪಟ್ಟಣದ ಸಗಟು ಮಾರುಕಟ್ಟೆಗೂ ಹೋಗುತ್ತಾರೆ. ಅಲ್ಲಿ 2011ರ ಡಿಸೆಂಬರ್‌ನಲ್ಲಿ, ಸಂಸ್ಥೆಯೊಂದು ಉಳಿಸಿಹೋದ ಬಾಕಿಗಾಗಿ ಇಬ್ಬರು ಭಾರತೀಯರನ್ನು ಸ್ಥಳೀಯ ವರ್ತಕರು ಹಿಡಿದಿಟ್ಟುಕೊಂಡರು. ಯಿವುವಿನಲ್ಲಿ ವ್ಯವಹಾರ ಬೇಡವೆಂದು ಭಾರತೀಯ ರಾಯಭಾರ ಕಚೇರಿ 2012ರ ಜನವರಿಯಲ್ಲಿ ವರ್ತಕರಿಗೆ ಎಚ್ಚರಿಕೆ ನೀಡಬೇಕಾಯಿತು. ಹಾಗೆ ಹಿಡಿದಿಡುವುದು ಕಾನೂನುಬಾಹಿರ. ಆದರೆ ಸಿವಿಲ್ ವ್ಯಾಜ್ಯ ಇತ್ಯರ್ಥವಾಗದ ವಿದೇಶೀಯರು ದೇಶ ಬಿಡದಂತೆ ತಡೆಯುವ ಅಧಿಕಾರವನ್ನು 2013ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನು ಅಲ್ಲಿನ ನ್ಯಾಯಾಲಯಗಳಿಗೆ ಕೊಟ್ಟಿದೆ. ಆದಕಾರಣ ಬೇರೆಯವರ ಪರವಾಗಿ ಸಾಲದ ಮೇಲೆ ಸರಕು ಪಡೆಯುವುದು, ಓದಲಾಗದ ಚೀನಿ ಪತ್ರಕ್ಕೆ ಸಹಿ ಹಾಕುವುದು ಎರಡೂ ಅಪಾಯಕರ.

ಇಷ್ಟೆಲ್ಲ ಎಚ್ಚರಿಕೆ ಹೇಳಿದ್ದು ಹೆದರಿಸುವುದಕ್ಕಲ್ಲ. ಗುವಾಂಗ್‌ಝೌದ ಬೀದಿಗಳು ಸುರಕ್ಷಿತ, ಜನ ಪರಿಶ್ರಮಿಗಳು, ನೋಡಿ ಕಲಿಯುವುದು ಬಹಳ ಇದೆ. ಮೇಳದಲ್ಲಿ ಹೊರದೇಶಗಳ ಸರಕಿಗೂ 2007ರಿಂದ ಪ್ರತ್ಯೇಕ ವಿಭಾಗವಿದೆ. ಒಂದು ಕಾಲದಲ್ಲಿ ನಮ್ಮ ಗಂಧವನ್ನು ಕೊಂಡ ಪೇಟೆ ಅದು. ಮೊದಲ ಪ್ರವಾಸದಲ್ಲಿ ನಮ್ಮವರು ಕೈಚೀಲದಲ್ಲಿ ಸರಕಿನ ಪಟ್ಟಿಗಳನ್ನು ತುಂಬಿಕೊಂಡು ಬರಲಿ, ಹಣವನ್ನು ಹಾಗೆಯೇ ಉಳಿಸಿಕೊಂಡು ಬರಲಿ. ಕೊಳ್ಳುವುದಕ್ಕೆ ಮುಂದಿನ ಮೇಳ ಆರು ತಿಂಗಳಿಗೆ ಇದ್ದೇ ಇದೆ. ಆಗ ನಮ್ಮ ಸರಕಿನ ಮಾದರಿಗಳನ್ನೂ ಒಯ್ಯಲಿ ಎಂಬುದು ಹಾರೈಕೆ.