ಸಾರಿನ ಹುಳಿ ತೂಕದ ಮಾತ್ರೆಯಾದ ಕಥೆ

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಕಾಡುಗಳಲ್ಲಿ ಉಪ್ಪಾಗೆ ಹಣ್ಣಾಗುತ್ತದೆ. ಜನ ಹಣ್ಣು ಆರಿಸಿ ತಂದು ಸಿಪ್ಪೆಯನ್ನು ಒಲೆಯ ಶಾಖದಲ್ಲಿ ಒಣಗಿಸುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಕೊಡಗಿನಲ್ಲಿ ಇದರ ರಸವನ್ನು ಕಪ್ಪಗಾಗುವವರೆಗೆ ಕುದಿಸಿದರೆ ಪಂದಿಕರಿಗೆ ಬೇಕಾದ ಕಾಚಂಪುಳಿ ಸಿದ್ಧ. ಇದೇ ಹಣ್ಣಿನ ಸಾರ ಇಂದು ‘ಗಾರ್ಸಿನಿಯಾ ಕ್ಯಾಂಬೋಜಿಯಾ’ ಎಂಬ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ದೇಶವಿದೇಶಗಳಲ್ಲಿ ಬಿಕರಿಯಾಗುತ್ತಿದೆ.

ಈ ಮಾತ್ರೆಯ ಕಥೆಯ ಮೂಲ ಮೈಸೂರಿನಲ್ಲಿದೆ. ಉಪ್ಪಾಗೆಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿಕೊಟ್ಟವರು ಅಲ್ಲಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್. ಅವರು ಹುಡುಕಿದ್ದು ಹುಳಿಯ ಗುಟ್ಟನ್ನೇ ಹೊರತು ಬೊಜ್ಜಿನ ಮದ್ದನ್ನಲ್ಲ. ಕೆಲವೇ ವರ್ಷಗಳಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು, ದೇಹದಲ್ಲಿ ಕೊಬ್ಬು ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆಂದು ಕಂಡರು. ಇಲಿಗಳಲ್ಲಿ ಫಲ ಸಿಕ್ಕಿತು. ಮಾರುಕಟ್ಟೆಗೆ ಅಷ್ಟೇ ಸಾಕಾಯಿತು.

ಮನುಷ್ಯರಲ್ಲಿ ಆದದ್ದೇ ಬೇರೆ. 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 135 ಮಂದಿ ಭಾಗವಹಿಸಿದ್ದರು. 12 ವಾರ ಈ ಆಮ್ಲ ಸೇವಿಸಿದವರಿಗೂ ಹುಸಿಮಾತ್ರೆ ನುಂಗಿದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಆಮೇಲೆ ಯಕೃತ್ತಿಗೆ ಹಾನಿಯಾದ ವರದಿಗಳು ಬರತೊಡಗಿದವು. ಗಾರ್ಸಿನಿಯಾ ಉತ್ಪನ್ನಗಳಿಂದ ಯಕೃತ್ತು ಕೆಟ್ಟ 22 ಪ್ರಕರಣಗಳನ್ನು ಅಮೆರಿಕದ ವೈದ್ಯರ ಜಾಲವೊಂದು 2022ರಲ್ಲಿ ವಿವರಿಸಿತು. ಹೆಚ್ಚಿನವುಗಳಲ್ಲಿ ಹಸಿರು ಚಹಾದ ಸಾರವೂ ಬೆರೆತಿತ್ತು. ಒಂದು ಬಗೆಯ ವಂಶವಾಹಿ ಇರುವವರಿಗೆ ಅಪಾಯ ಹೆಚ್ಚೆಂಬ ಸುಳಿವೂ ಅಲ್ಲಿ ಸಿಕ್ಕಿತು. ಆ ವಂಶವಾಹಿ ತಮ್ಮಲ್ಲಿದೆಯೇ ಎಂದು ಮಾತ್ರೆ ಕೊಳ್ಳುವವರಿಗೆ ಹೇಗೆ ಗೊತ್ತಾಗಬೇಕು?

ಇದು ಒಂದು ಗಿಡದ ಕಥೆ ಮಾತ್ರವಲ್ಲ. ಕೊರಿಯಾದ ಸಾಂಪ್ರದಾಯಿಕ ವೈದ್ಯರು ತೂಕ ಇಳಿಸಲು ಕೊಡುವ ಕಷಾಯಗಳಲ್ಲಿ ಮಾಹ್ವಾಂಗ್ ಎಂಬ ಮೂಲಿಕೆ ಇರುತ್ತದೆ. ಅದರ ಎಫೆಡ್ರಿನ್ ಹಸಿವು ಕುಗ್ಗಿಸುತ್ತದೆ. ಜೊತೆಗೆ ಎದೆಬಡಿತ, ರಕ್ತದೊತ್ತಡ ಏರಿಸಿ ನಿದ್ದೆ ಕೆಡಿಸುತ್ತದೆ. ಎಫೆಡ್ರಿನ್ ಇರುವ ಪೂರಕ ಆಹಾರಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು.

ಸಾರಿಗೆ ಹಾಕುವ ನಾಲ್ಕು ಚೂರು ಉಪ್ಪಾಗೆಯೂ ದಿನವೂ ನುಂಗುವ ಸಾಂದ್ರ ಸಾರವೂ ಒಂದೇ ಅಲ್ಲ. ಗಿಡಮೂಲಿಕೆ ಎಂದಮಾತ್ರಕ್ಕೆ ನಿರಪಾಯವೂ ಅಲ್ಲ. ಇಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರ ಬಳಿ ಅದನ್ನು ಮುಚ್ಚಿಡಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ.